ಗೋದಲಿಯ ಕೂಸು

ಶ್ರೀಯಾನಿಯ ಕೈಚೀಲದೊಳಗೆ ನಾನು ಕೈ ಹಾಕಿದ್ದು ಕ್ರಿಸ್ಮಸ್ಸಿಗೆ ಎರಡು ದಿನ ಇರುವಾಗ, ಬೆಳಿಗ್ಗೆ ಹನ್ನೊಂದು ಗಂಟೆಗೆ, ನಮ್ಮ ಮಹಡಿ ಮೆಟ್ಟಿಲ ಮೇಲೆ, ಆರು ಮನೆಯವರ ಎದುರಿಗೆ. ನಲವತ್ತೊಂದು ವರ್ಷ ನೇಪಲ್ಸಿನ ಬಳಿಯ ಕಾಸ್ತೆಲ್ಲಮ್ಮಾರೆಯ ಹಡಗುಕಟ್ಟೆಯಲ್ಲಿ ಬಡಗಿ ಮೇಸ್ತ್ರಿಯಾಗಿದ್ದವನು ನಾನು. ಕೈಕೆಳಗೆ ಮೂವತ್ತು ಜನ ದುಡಿದಿದ್ದಾರೆ. ಒಬ್ಬನ ಜೇಬನ್ನೂ ತಡಕಿದವನಲ್ಲ. ಅವತ್ತು ತಡಕಿದೆ. ಈಗಲೂ ಆ ಮೆಟ್ಟಿಲು ಇಳಿಯುವಾಗ ಗೋಡೆಯ ಕಡೆ ಮುಖ ಮಾಡಿಕೊಂಡೇ ಇಳಿಯುತ್ತೇನೆ.

ಎಲ್ಲ ಶುರುವಾದದ್ದು ಗೋದಲಿಯಿಂದ, ಕ್ರಿಸ್ಮಸ್ಸಿಗೆ ಗೊಂಬೆಗಳನ್ನಿಟ್ಟು ಕಟ್ಟುವ ಕೊಟ್ಟಿಗೆಯಿಂದ. ನಮ್ಮ ಮನೆಯ ಗೋದಲಿ ಎಂದರೆ ಒಂದು ಕೊಟ್ಟಿಗೆ, ನಾಲ್ಕು ಕುರಿ ಅಂದುಕೊಳ್ಳಬೇಡಿ. ಅದು ಒಂದು ಊರು. ಬೆಂಡಿನ ಗುಡ್ಡ, ಗುಡ್ಡದ ಮೈತುಂಬ ಮನೆಗಳು, ಒಂದು ಹೆಂಡದಂಗಡಿ, ಮೀನು ಮಾರುವವನು, ಬಟ್ಟೆ ಒಗೆಯುವ ಹೆಂಗಸು, ಒಳಗೆ ಕೆಂಪು ದೀಪ ಉರಿಯುವ ರೊಟ್ಟಿ ಭಟ್ಟಿ. ಎಲ್ಲರಿಗಿಂತ ಮೇಲೆ, ಕುರಿಗಳ ನಡುವೆ ಗೊರಕೆ ಹೊಡೆಯುವ ಒಬ್ಬ ಕುರುಬ. ಅವನನ್ನು ಎಬ್ಬಿಸಬಾರದು. ಇಡೀ ಊರೇ ಅವನ ಕನಸು, ಎದ್ದರೆ ಊರೂ ಇಲ್ಲ, ಕ್ರಿಸ್ಮಸ್ಸೂ ಇಲ್ಲ ಎನ್ನುವುದು ನಮ್ಮ ಕಡೆಯ ಮಾತು. ನನ್ನ ಮುತ್ತಜ್ಜ ಕಟ್ಟಲು ಶುರುಮಾಡಿದ ಊರು ಇದು. ಗೊಂಬೆಗಳಿಗೆ ಮಣ್ಣಿನ ಮುಖ, ಗಾಜಿನ ಕಣ್ಣು, ತಂತಿ ಮತ್ತು ನಾರಿನ ಮೈ. ಬಟ್ಟೆಗಳು ಮನೆಯ ಹೆಂಗಸರ ಮದುವೆ ಉಡುಪಿನಿಂದ ಕತ್ತರಿಸಿದವು. ಮೀನು ಮಾರುವವನ ಅಂಗಿ ನನ್ನ ಅಜ್ಜಿಯ ಉಡುಪಿನ ತೋಳು, ಹೆಂಡದಂಗಡಿಯವನ ಸೊಂಟಪಟ್ಟಿ ತೀರಿಹೋದ ನನ್ನ ಹೆಂಡತಿಯದು.

ಕೊಟ್ಟಿಗೆಯಲ್ಲಿ ಹುಟ್ಟುವ ದೇವರ ಕೂಸು ಮಾತ್ರ ಇಡಿಯಾಗಿ ಸುಟ್ಟ ಮಣ್ಣಿನದು, ನನ್ನ ಅಂಗೈಯಷ್ಟು ಉದ್ದ. ಇಪ್ಪತ್ತನಾಲ್ಕರ ಮಧ್ಯರಾತ್ರಿಯವರೆಗೆ ಅದನ್ನು ಇಡುವ ಹಾಗಿಲ್ಲ, ಹುಲ್ಲು ಖಾಲಿಯೇ ಇರಬೇಕು. ಇಟ್ಟ ಮೇಲೆ ಮನೆಮಂದಿ ಒಬ್ಬೊಬ್ಬರಾಗಿ ಅದರ ಪಾದಕ್ಕೆ ಮುತ್ತಿಡುತ್ತಾರೆ. ಅಷ್ಟು ವರ್ಷದ ಮುತ್ತಿಗೆ ಬಲಗಾಲಿನ ಬೆರಳುಗಳೇ ಸವೆದುಹೋಗಿವೆ. ಫೆಬ್ರವರಿ ಎರಡಕ್ಕೆ ಗೋದಲಿ ಬಿಚ್ಚಿದಾಗ ಉಳಿದವರೆಲ್ಲ ಪೆಟ್ಟಿಗೆಗೆ, ಕೂಸು ಮಾತ್ರ ಮನೆಯ ಹಿರಿಯ ಹೆಂಗಸಿನ ವಶಕ್ಕೆ. ಅಮ್ಮನ ಬೀರುವಿನ ಮೂರನೇ ಡ್ರಾಯರಿನಲ್ಲಿ, ಅವಳ ಮದುವೆಯ ಕರವಸ್ತ್ರದಲ್ಲಿ ಸುತ್ತಿಕೊಂಡು ಅದು ವರ್ಷವಿಡೀ ಮಲಗಿರುತ್ತದೆ.

ಈ ಊರಿನ ಗೌಡ ನಾನು ಅಂತ ನನ್ನ ಭ್ರಮೆ. ಡಿಸೆಂಬರ್ ಎಂಟಕ್ಕೆ ಗುಡ್ಡ ಎಬ್ಬಿಸಿದರೆ, ಬೀದಿಯವರು ನೋಡಲು ಬಂದಾಗ "ಮುಟ್ಟಬೇಡಿ, ಅಷ್ಟು ಹತ್ತಿರ ಉಸಿರಾಡಬೇಡಿ" ಎಂದು ಕಾವಲು ನಿಲ್ಲುತ್ತಿದ್ದೆ. ಪ್ಲಾಸ್ಟಿಕ್ ಗೊಂಬೆ ಇಟ್ಟವರ ಮನೆಗೆ ಹೋದರೆ ನೋಡಿಯೂ ನೋಡದ ಹಾಗೆ ಕಾಫಿ ಕುಡಿದು ಎದ್ದು ಬರುತ್ತಿದ್ದೆ. ಮೇಲಿನ ಮನೆಯ ಫೋರ್ತುನಾ ಒಮ್ಮೆ ಅಂದಿದ್ದಳು, "ನಿಮ್ಮ ಗೊಂಬೆಗೆ ಸಿಗೋ ಮರ್ಯಾದೆ ನಿಮ್ಮನೆ ಮನುಷ್ಯರಿಗೆ ಸಿಕ್ಕಿದ್ರೆ ಎಲ್ಲರೂ ಸಂತರಾಗ್ತಿದ್ರು ಮೇಸ್ತ್ರಿ." ನಾನು ಅದನ್ನು ಹೊಗಳಿಕೆ ಅಂತಲೇ ತೆಗೆದುಕೊಂಡೆ.

ಶ್ರೀಯಾನಿ ನಮ್ಮ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಶ್ರೀಲಂಕಾದ ನೆಗೊಂಬೊ ಕಡೆಯವಳು, ಐವತ್ತು ದಾಟಿದವಳು, ನಮಗಿಂತ ಹೆಚ್ಚು ನಿಷ್ಠೆಯಿಂದ ಚರ್ಚಿಗೆ ಹೋಗುವವಳು. ಅಮ್ಮ ಎರ್ಸಿಲಿಯಾಗೆ ಎಂಬತ್ತೆಂಟು. ತಲೆ ಚುರುಕಾಗಿದೆ, ಕಾಲು ಕೈಕೊಟ್ಟಿದೆ. ಅಮ್ಮನನ್ನು ಎಬ್ಬಿಸುವುದು, ತೊಳೆಯುವುದು, ಮಗ್ಗುಲು ಬದಲಿಸುವುದು ಎಲ್ಲ ಶ್ರೀಯಾನಿಯ ಕೈಯಲ್ಲಿ. ಬೀರುವಿನ ಬೀಗದ ಕೈಯೂ ಅವಳ ಬಳಿಯೇ.

ಆ ಬೆಳಿಗ್ಗೆ ಅಮ್ಮನ ಬಟ್ಟೆಗೆಂದು ಶ್ರೀಯಾನಿ ಬೀರು ತೆರೆದಿಟ್ಟಿದ್ದಳು, ಕೂಸನ್ನು ಒರೆಸಿಡೋಣ ಎಂದು ಡ್ರಾಯರ್ ಎಳೆದೆ. ಕೂಸಿರಲಿಲ್ಲ, ಕರವಸ್ತ್ರವೂ ಇರಲಿಲ್ಲ.

"ಅಮ್ಮಾ, ಕೂಸೆಲ್ಲಿ?"

"ಯಾವ ಕೂಸು, ನೀನಾ? ಅರವತ್ತೇಳು ತುಂಬ್ತು, ಇನ್ನೂ ಕೂಸೇ."

"ತಮಾಷೆ ಬೇಡ. ಡ್ರಾಯರ್ ಖಾಲಿ ಇದೆ."

"ಹೋಗಬೇಕಾದ ಕಡೆ ಹೋಗಿದೆ, ಬರೋ ಹೊತ್ತಿಗೆ ಬರುತ್ತೆ. ಹೋಗಿ ಆ ಉಪ್ಪುಮೀನು ನೆನೆಹಾಕು."

ವಯಸ್ಸಾಯಿತು, ಏನೋ ಬಡಬಡಿಸುತ್ತಾಳೆ ಎಂದುಕೊಂಡೆ. ಅಮ್ಮನ ತಲೆ ನನ್ನದಕ್ಕಿಂತ ಚುರುಕು ಎಂದು ನನಗೆ ಗೊತ್ತಿತ್ತು, ಆದರೂ ಹಾಗೆ ಅಂದುಕೊಂಡೆ. ಅಂದುಕೊಳ್ಳುವುದು ಆ ಹೊತ್ತಿಗೆ ಅನುಕೂಲವಾಗಿತ್ತು. ಅಡುಗೆಮನೆಗೆ ಹೋಗಿ ಶ್ರೀಯಾನಿಯನ್ನು ಕೇಳಿದೆ. ಅವಳು ಕೈಲಿದ್ದ ತಟ್ಟೆ ಇಟ್ಟಳು.

"ನನ್ನನ್ನ ಕೇಳ್ಬೇಡಿ ಮೇಸ್ತ್ರಿ."

"ಯಾಕೆ ಕೇಳ್ಬಾರದು? ಕೀಲಿ ಇರೋದು ನಿನ್ನ ಹತ್ರ."

"ಅಜ್ಜಿನ ಕೇಳಿ. ನಾನು ಹೇಳೋ ಹಾಗಿಲ್ಲ."

ಕದಿಯದವಳಾಗಿದ್ದರೆ ನಾನಲ್ಲ ಅನ್ನಬೇಕಿತ್ತು, ಇವಳು ಹಾಗೆ ಅನ್ನಲಿಲ್ಲ ಎಂದು ನನ್ನ ತಲೆ ಲೆಕ್ಕ ಹಾಕಿತು. ನೇಪಲ್ಸಿನಲ್ಲಿ ಹಳೆಯ ಗೊಂಬೆಗಳನ್ನು ಕೊಳ್ಳುವ ದಲ್ಲಾಳಿಗಳಿದ್ದಾರೆ ಎಂಬುದು ನೆನಪಾಯಿತು. ಅವಳಿಗೆ ದಿನಾ ಹನ್ನೊಂದರಿಂದ ಒಂದರವರೆಗೆ ಬಿಡುವು. ಕೋಟು ಹಾಕಿಕೊಂಡು ಚೀಲ ಹಿಡಿದು ಹೊರಟಿದ್ದಳು. ಒಂದು ಮಹಡಿ ಇಳಿದಿದ್ದಳೋ ಇಲ್ಲವೋ, ನಾನು ಬಾಗಿಲಲ್ಲಿ ನಿಂತು ಕೂಗಿದೆ.

"ನಿಲ್ಲು! ಚೀಲ ತೋರಿಸು."

ನಮ್ಮ ಕಟ್ಟಡದಲ್ಲಿ ಒಂದು ಕೂಗಿಗೆ ಆರು ಬಾಗಿಲು ತೆರೆಯುತ್ತವೆ. ಫೋರ್ತುನಾ ಹಬ್ಬದ ಹಾವುಮೀನನ್ನು ಜೀವಂತ ಬಕೆಟ್ಟಿನಲ್ಲಿ ಹೊತ್ತುಕೊಂಡು ಮೇಲೆ ಹತ್ತುತ್ತಿದ್ದಳು. ಕೆಳಗಿನ ಮನೆಯ ಕ್ಷೌರಿಕ ಬಿಯಾಜಿಯೊ ಅರ್ಧ ಕ್ಷೌರವಾದ ಗಿರಾಕಿಯನ್ನೂ ಕರೆದುಕೊಂಡು ಹೊರಗೆ ಬಂದ. ಶ್ರೀಯಾನಿ ನನ್ನನ್ನೇ ನೋಡಿದಳು. ಚೀಲವನ್ನು ಕೊಡಲೂ ಇಲ್ಲ, ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ನಾನು ಕಿತ್ತುಕೊಂಡು ಕೈ ಹಾಕಿದೆ. ಒಂದೊಂದಾಗಿ ತೆಗೆದು ಮೆಟ್ಟಿಲ ಮೇಲಿಟ್ಟೆ. ಒಂದು ಜಪಮಾಲೆ. ಒಂದು ಕಿತ್ತಳೆ. ಕಾಗದದಲ್ಲಿ ಸುತ್ತಿದ ಬ್ರೆಡ್ಡು. ಸ್ಕೂಲ್ ಸಮವಸ್ತ್ರ ತೊಟ್ಟ ಹುಡುಗಿಯ ಫೋಟೋ. ಹಿಮ್ಮಡಿ ಸವೆದ ಒಂದು ಜೊತೆ ಚಪ್ಪಲಿ, ನಮ್ಮ ಮನೆಯೊಳಗೆ ಸದ್ದಾಗಬಾರದೆಂದು ಅವಳು ಹಾಕಿಕೊಳ್ಳುವುದು. ಅಷ್ಟೇ.

"ಒಳಜೇಬು ನೋಡಿದ್ರಾ ಮೇಸ್ತ್ರಿ?" ಎಂದಳು ಫೋರ್ತುನಾ, ಸಹಾಯ ಮಾಡುವವಳ ಹಾಗೆ.

ಒಳಜೇಬನ್ನೂ ನೋಡಿದೆ. ಸರಿಯಾಗಿ ಕಾಣಲಿ ಎಂದು ಫೋರ್ತುನಾ ಬಕೆಟ್ ಕೆಳಗಿಟ್ಟು ಬಗ್ಗಿದಳು. ಬಕೆಟ್ ವಾಲಿತು, ಹಾವುಮೀನು ಚಿಮ್ಮಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಾರುತ್ತಾ ಕೆಳಗೆ ಹೊರಟಿತು. "ಹಿಡೀರೋ, ಹಿಡೀರೋ!" ಎಂದು ಬಿಯಾಜಿಯೊ ಓಡಿದ, ಅರ್ಧ ಗಡ್ಡದವನು ಜಾರಿ ಬಿದ್ದ, ಕಟ್ಟಡವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಗದ್ದಲದಲ್ಲಿ ಶ್ರೀಯಾನಿ ಮಂಡಿಯೂರಿ ತನ್ನ ಸಾಮಾನು ತುಂಬಿಕೊಳ್ಳುತ್ತಿದ್ದಳು. ಕಿತ್ತಳೆ ಉರುಳಿಹೋಗಿತ್ತು, ಅದನ್ನು ಬಿಟ್ಟಳು. ನಾನೂ ನಗುತ್ತಿದ್ದೆ. ಇದನ್ನು ಹೇಳದೆ ಬಿಡಬಹುದಿತ್ತು, ಆದರೆ ನಕ್ಕಿದ್ದು ನಿಜ.

ಅವಳು ತಿರುಗಿ ಬರುವುದಿಲ್ಲ, ಇನ್ನು ಪೊಲೀಸರೇ ಗತಿ ಎಂದುಕೊಂಡಿದ್ದೆ. ಒಂದು ಗಂಟೆಗೆ ಸರಿಯಾಗಿ ಬಂದಳು. ಒಂದು ಗಂಟೆಗೆ ಅಮ್ಮನ ಮಗ್ಗುಲು ಬದಲಿಸಬೇಕಿತ್ತು.

ಸಂಜೆ ಕತ್ತಲಾಗುವ ಹೊತ್ತಿಗೆ ಸೊಸೆ ಮಿರೆಲ್ಲಾ ಬಂದಳು. ಎರಡು ಗಲ್ಲಿ ಆಚೆ ಅವಳ ಮನೆ. ನನ್ನ ಮಗ ಸರಕು ಹಡಗಿನಲ್ಲಿದ್ದಾನೆ, ಹಬ್ಬಕ್ಕೂ ಬರುವುದಿಲ್ಲ. ಮದುವೆಯಾಗಿ ಆರು ವರ್ಷ, ಎರಡು ಸಲ ಬಸಿರು ಇಳಿದುಹೋಗಿತ್ತು. ತಿಂಗಳಿನಿಂದ ಬೆನ್ನುನೋವು ಎಂದು ಅವಳು ಹಾಸಿಗೆ ಹಿಡಿದಿದ್ದಾಳೆ ಎಂದಷ್ಟೇ ನನಗೆ ಗೊತ್ತಿದ್ದದ್ದು. ಗೋಡೆ ಹಿಡಿದುಕೊಂಡು ನಮ್ಮ ನಲವತ್ತಾರು ಮೆಟ್ಟಿಲು ಹತ್ತಿ ಬಂದು, ಮುಖ ಬಿಳಿಚಿಕೊಂಡು ಅಮ್ಮನ ಕೋಣೆಯಲ್ಲಿ ನಿಂತಳು. ಕೋಟಿನೊಳಗಿಂದ ಒಂದು ಕರವಸ್ತ್ರದ ಗಂಟು ತೆಗೆದಳು.

"ಮಾವ, ಇದಕ್ಕೋಸ್ಕರ ಶ್ರೀಯಾನಕ್ಕನ ಚೀಲ ಬಿಚ್ಚಿಸಿದ್ರಂತೆ. ಫೋರ್ತುನಾ ಊರಿಗೆಲ್ಲಾ ಫೋನ್ ಮಾಡ್ತಿದಾಳೆ. ತಗೊಳ್ಳಿ."

"ಮುಟ್ಟಿದ್ರೆ ಕೈ ಮುರೀತೀನಿ!" ಅಮ್ಮ ಹಾಸಿಗೆಯಿಂದಲೇ ಗುಡುಗಿದಳು. "ಮಿರೆಲ್ಲಾ, ಅದನ್ನ ಒಳಗಿಟ್ಕೋ. ಕೂತ್ಕೋ. ಶ್ರೀಯಾನಿ, ಅವಳಿಗೆ ನೀರು ಕೊಡು. ನೀನು ಅಲ್ಲೇ ನಿಂತ್ಕೊಂಡು ಕೇಳು, ಕತ್ತೆ."

ಕತ್ತೆ ನಿಂತುಕೊಂಡು ಕೇಳಿತು. ಬಸಿರು ನಿಲ್ಲದ ಹೆಂಗಸಿನ ದಿಂಬಿನ ಕೆಳಗೆ ನಮ್ಮ ಮನೆಯ ಕೂಸು ಮಲಗುತ್ತದೆ, ಹೆರಿಗೆಯಾಗುವವರೆಗೆ. ಮುತ್ತಜ್ಜಿಯ ಕಾಲದಿಂದ ನಡೆದು ಬಂದದ್ದು. ಬಾಯಿ ಬಿಡುವ ಹಾಗಿಲ್ಲ. ಮಾತು ಹೊರಬಿದ್ದರೆ ದೃಷ್ಟಿ ಬೀಳುತ್ತದೆ, ಬಸಿರು ನಿಲ್ಲುವುದಿಲ್ಲ. ಗಂಡಸರಿಗಂತೂ ಹೇಳುವುದೇ ಇಲ್ಲ. ಮಿರೆಲ್ಲಾಗೆ ನಾಲ್ಕು ತಿಂಗಳು ನಡೆಯುತ್ತಿತ್ತು. ಅಮ್ಮನಿಗೆ ನಡೆಯಲಾಗದು, ಹಾಗಾಗಿ ಕೂಸನ್ನು ಒಯ್ದು ಕೊಟ್ಟವಳು ಶ್ರೀಯಾನಿ. ಯಾರಿಗೂ ಹೇಳುವುದಿಲ್ಲ ಎಂದು ಕೂಸಿನ ಮೇಲೆ ಕೈಯಿಟ್ಟು ಆಣೆ ಮಾಡಿದ್ದಳು.

"ನಿನ್ನನ್ನ ಹೊಟ್ಟೇಲಿ ಇಟ್ಕೊಂಡಿದ್ದ ವರ್ಷ ಗೋದಲಿ ಖಾಲಿ ಇತ್ತು," ಎಂದಳು ಅಮ್ಮ. "ನಿಮ್ಮಪ್ಪ ಡ್ರಾಯರ್ ತೆಗೆದ, ನೋಡ್ದ, ಮುಚ್ಚಿದ. ಒಂದು ಮಾತು ಕೇಳ್ಲಿಲ್ಲ. ಹನ್ನೆರಡು ಗಂಟೆಗೆ ಬಂದು ಬರೀ ಹುಲ್ಲಿಗೆ ಮುತ್ತಿಟ್ಟ."

ಕೂಸನ್ನು ಮಿರೆಲ್ಲಾ ಜೊತೆಗೇ ಕಳಿಸಿದೆವು. ನಾನೇ ತೋಳು ಹಿಡಿದು ಇಳಿಸಿ ಮನೆ ಮುಟ್ಟಿಸಿದೆ. ಹಾದಿಯಲ್ಲಿ ಅವಳು ಒಂದೇ ಮಾತು ಆಡಿದ್ದು, "ಎದ್ದು ಬಂದೆನಲ್ಲ ಮಾವ, ಏನೂ ಆಗಲ್ಲ ಅಲ್ವಾ?" ಎಂದು. ಆಗಲ್ಲ ಎಂದೆ. ನನಗೇನು ಗೊತ್ತು? ಅವಳು ಎದ್ದು ಬರುವ ಹಾಗೆ ಮಾಡಿದವನು ನಾನು.

ತಿರುಗಿ ಬಂದಾಗ ಶ್ರೀಯಾನಿ ಅಡುಗೆಮನೆಯಲ್ಲಿ ಉಪ್ಪುಮೀನಿನ ನೀರು ಬದಲಿಸುತ್ತಿದ್ದಳು. ಅದು ನನ್ನ ಕೆಲಸ, ನಾನು ಮರೆತಿದ್ದೆ. ಒಳಗೆ ಹೋಗಿ ಬಾಗಿಲು ಮುಚ್ಚಿದೆ.

"ಶ್ರೀಯಾನಿ, ತಪ್ಪಾಯ್ತು. ಕ್ಷಮಿಸು."

ಅವಳು ಕೈ ಒರೆಸಿಕೊಂಡಳು. "ಬಾಗಿಲು ಯಾಕೆ ಮುಚ್ಚಿದ್ರಿ?"

ನಾನು ಬಾಗಿಲ ಕಡೆ ತಿರುಗಿ ನೋಡಿದೆ.

"ಚೀಲ ತೆಗೆದಾಗ ಬಾಗಿಲು ತೆರೆದಿತ್ತು ಮೇಸ್ತ್ರಿ."

"ಹೇಗೆ ಹೇಳ್ಲಿ? ಕೂಸೆಲ್ಲಿ ಅಂತ ಕೇಳ್ತಾರೆ. ಮಿರೆಲ್ಲಾ ಹೆಸರು ಬರುತ್ತೆ. ಹೆರಿಗೆ ಆಗ್ಲಿ, ಆಮೇಲೆ ಊರಿಗೆಲ್ಲಾ ನಾನೇ ಡಂಗುರ ಸಾರ್ತೀನಿ."

"ಹೆರಿಗೆ ಮೇ ತಿಂಗಳಲ್ಲಿ. ಅಲ್ಲೀವರೆಗೆ ನಾನು ದಿನಾ ಎರಡು ಸಲ ಈ ಮೆಟ್ಟಿಲು ಹತ್ತಿ ಇಳೀಬೇಕು." ಅವಳ ದನಿ ಏರಲೇ ಇಲ್ಲ. "ಇವತ್ತು ಬರುವಾಗ ಬಿಯಾಜಿಯೊ ಹೆಂಡ್ತಿ ಒಣಗಿಹಾಕಿದ್ದ ಬಟ್ಟೆ ಎತ್ಕೊಂಡು ಒಳಗೆ ಹೋದ್ಲು. ನಾನು ದಾಟೋವರೆಗೆ ಕಾಯ್ತಿದ್ಲು."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಹೋದದ್ದು ನನ್ನ ಮಾನವಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಹೋದದ್ದು ಅವಳದು, ಕಳೆದವನು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗುವ ಹೊತ್ತಿಗೆ ಒಂದು ಉಪಾಯ ಹೊಳೆಯಿತು. ಮಿರೆಲ್ಲಾ ಗುಟ್ಟೂ ಉಳಿಯಬೇಕು, ಶ್ರೀಯಾನಿಯ ಹೆಸರೂ ತೊಳೆಯಬೇಕು. ಅಂದರೆ ಕೆಸರು ನನ್ನ ಮೇಲೆಯೇ ಬೀಳಬೇಕು.

ಇಪ್ಪತ್ತನಾಲ್ಕರ ಸಂಜೆ, ಊಟಕ್ಕೆ ಕೂರುವ ಮುಂಚೆ ಮೆಟ್ಟಿಲಿನವರೆಲ್ಲ ನಮ್ಮ ಗೋದಲಿ ನೋಡಲು ಬರುವುದು ವಾಡಿಕೆ. ಆ ವರ್ಷ ಯಾವತ್ತಿಗಿಂತ ಹೆಚ್ಚು ಜನ ಬಂದರು. ಗುಡ್ಡ ನೋಡುವ ನೆಪ, ನೋಡಬೇಕಾದದ್ದು ನಮ್ಮ ಮುಖ. ನಾನು ಮುಂಬಾಗಿಲನ್ನು ಅಗಲವಾಗಿ ತೆರೆದಿಟ್ಟೆ, ಅಮ್ಮನ ಕೋಣೆಯ ಬಾಗಿಲನ್ನೂ ತೆರೆದಿಟ್ಟೆ, ಶ್ರೀಯಾನಿಗೆ ಕೇಳಲಿ ಎಂದು.

"ಒಂದು ಮಾತು," ಎಂದೆ. "ಕೂಸನ್ನ ಯಾರೂ ಕದ್ದಿಲ್ಲ. ಹೋದ ಫೆಬ್ರವರೀಲಿ ಎತ್ತಿಡುವಾಗ ನನ್ನ ಕೈಯಿಂದ ಬಿತ್ತು. ಚೂರುಚೂರಾಯ್ತು. ನಾಚಿಕೆಯಾಗಿ ಬಚ್ಚಿಟ್ಟೆ. ಹಬ್ಬ ಬಂತು, ಸಿಕ್ಕಿಬೀಳ್ತೀನಿ ಅನ್ನಿಸ್ತು, ಶ್ರೀಯಾನಿ ತಲೆಗೆ ಕಟ್ಟಿದೆ. ತಪ್ಪು ನನ್ನದು."

"ಅಯ್ಯೋ ದೇವರೇ, ಆ ಕೂಸಾ!" ಎಂದು ಯಾರೋ ಶಿಲುಬೆ ಗುರುತು ಹಾಕಿಕೊಂಡರು. ಬಿಯಾಜಿಯೊ ಹಡಗುಕಟ್ಟೆಯ ಗರಗಸಕ್ಕೆ ಸಿಕ್ಕಿ ಮೊಂಡಾದ ನನ್ನ ಎರಡು ಬೆರಳು ನೋಡುತ್ತಾ, "ಮುಟ್ಟಬೇಡಿ ಮುಟ್ಟಬೇಡಿ ಅಂತ ನಮಗೆ ಹೇಳಿ ಹೇಳಿ, ಕೊನೆಗೆ ಮುರಿದವರು ನೀವೇನಾ ಮೇಸ್ತ್ರಿ?" ಎಂದ. ಎಲ್ಲರೂ ನಕ್ಕರು. ಮುತ್ತಜ್ಜನ ಹೆಸರಿಗೆ ಮಸಿ ಬಳಿದವನು ಎಂಬ ನೋಟ ನೋಡುತ್ತಾ ಒಬ್ಬೊಬ್ಬರಾಗಿ ಇಳಿದುಹೋದರು. ಒಳಗೆ ಉರಿಯುತ್ತಿತ್ತು, ಆದರೂ ಸತ್ಯ ಹೇಳುತ್ತೇನೆ, ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು. ದೊಡ್ಡ ತ್ಯಾಗ ಮಾಡಿದವನ ಹಾಗೆ ಎದೆ ಸೆಟೆಸಿಕೊಂಡು ಅಮ್ಮನ ಕೋಣೆಗೆ ಹೋದೆ.

ಶ್ರೀಯಾನಿ ಅಮ್ಮನಿಗೆ ಸಾರು ಕುಡಿಸುತ್ತಿದ್ದಳು.

"ಕೇಳಿಸ್ತಾ?" ಎಂದೆ.

"ಕೇಳಿಸ್ತು. ಮಾಡದೇ ಇರೋ ತಪ್ಪನ್ನ ಒಪ್ಕೊಂಡ್ರಿ."

"ನಿನಗೋಸ್ಕರ."

"ಮಾಡಿದ ತಪ್ಪನ್ನ ಹೇಳ್ಲಿಲ್ಲ." ಚಮಚವನ್ನು ಬಟ್ಟಲಿನಲ್ಲಿಟ್ಟಳು. "ಬೇರೆ ಯಾರಾದ್ರೂ ಕೀಲಿ ಇಟ್ಕೊಂಡಿದ್ರೆ ಚೀಲ ಬಿಚ್ಚಿಸ್ತಿದ್ರಾ ಮೇಸ್ತ್ರಿ? ಫೋರ್ತುನಾ ಹತ್ರ ಇದ್ದಿದ್ರೆ?"

ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆಯಲ್ಲ. ಉತ್ತರ ನಮ್ಮ ಮೂವರಿಗೂ ಗೊತ್ತಿತ್ತು.

ಹಾಗೇ ತಿರುಗಿ ಹೊರಗೆ ಬಂದು, ಮೇಲಿನ ಮಹಡಿಗೆ ಹತ್ತಿ ಫೋರ್ತುನಾ ಬಾಗಿಲು ತಟ್ಟಿದೆ. ಅವಳಿಗೆ ಹೇಳಿದರೆ ಊರಿಗೆ ಹೇಳಿದ ಹಾಗೆ. ಎಣ್ಣೆಯಲ್ಲಿ ಹಾವುಮೀನು ಚಟಪಟ ಅನ್ನುತ್ತಿತ್ತು, ಒಳಗೆ ಹತ್ತು ಹನ್ನೆರಡು ಜನ ನೆಂಟರು ಮೇಜಿನ ಸುತ್ತ ಕೂತಿದ್ದರು. ಹೊಸಿಲಲ್ಲೇ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಫೋರ್ತುನಾ, ಮುಖ್ಯವಾದ ಮಾತು ಆಗ ಹೇಳ್ಲಿಲ್ಲ. ಶ್ರೀಯಾನಿ ಮೇಲೆ ಅನುಮಾನ ಪಡೋಕೆ ನನಗೆ ಒಂದು ಕಾರಣವೂ ಇರ್ಲಿಲ್ಲ. ಅವಳು ಹೊರಗಿನವಳು, ಬಡವಿ, ಬಾಯಿ ಮಾಡಲ್ಲ. ಅಷ್ಟಕ್ಕೇ ಅವಳ ಚೀಲಕ್ಕೆ ಕೈ ಹಾಕಿದೆ. ನಿನ್ನ ಚೀಲಕ್ಕಾದ್ರೆ ಹಾಕ್ತಿರ್ಲಿಲ್ಲ. ನನಗೆ ನಾಚಿಕೆಯಾಗ್ತಿದೆ."

ಫೋರ್ತುನಾ ನನ್ನ ಭುಜ ತಟ್ಟಿದಳು.

"ಅದಕ್ಕ್ಯಾಕೆ ನಾಚಿಕೆ ಮೇಸ್ತ್ರಿ? ನೀವೊಬ್ರೇನಾ, ನಾವೆಲ್ಲಾ ಅವಳೇ ಅಂತಿದ್ವಿ." ದನಿ ತಗ್ಗಿಸಿ ಕಿವಿಯ ಹತ್ತಿರ ಬಂದಳು. "ಈಗ್ಲೂ ಅಂತೀವಿ. ಮುರಿದಿದ್ರೆ ಚೂರು ಎಲ್ಲಿ? ನಿಮ್ಮಮ್ಮನ್ನ ನೋಡ್ಕೊಳ್ಳೋಕೆ ಬೇರೆ ಜನ ಸಿಗಲ್ಲ, ಅದಕ್ಕೆ ಅವಳ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಂಡ್ರಿ. ನಮಗೆ ಅರ್ಥವಾಗಲ್ವಾ? ದೇವರಂಥ ಮನುಷ್ಯ ನೀವು."

ಅಲ್ಲ ಎಂದು ಎರಡು ಸಲ ಹೇಳಿದೆ. ಎರಡು ಸಲವೂ ಅವಳು ಕಣ್ಣು ಮಿಟುಕಿಸಿದಳು. ಒಳಗಿದ್ದ ನೆಂಟರೂ ತಲೆದೂಗಿದರು, ಒಬ್ಬ ಮುದುಕ ಎದ್ದು ನಿಂತು ವೈನ್ ಲೋಟ ಎತ್ತಿದ. ಮೂರನೆಯ ಸಲ ಹೇಳುವಷ್ಟರಲ್ಲಿ ಅವಳು ಜೇನುತುಪ್ಪ ಸುರಿದ ಹಬ್ಬದ ಹಿಟ್ಟಿನುಂಡೆಗಳ ಒಂದು ತಟ್ಟೆಯನ್ನು ನನ್ನ ಕೈಗಿಟ್ಟಳು. ಎಸೆಯಬೇಕಿತ್ತು, ಅಥವಾ ಬೇಡ ಅನ್ನಬೇಕಿತ್ತು. ನಾನು ಅಭ್ಯಾಸಬಲದಿಂದ ಥ್ಯಾಂಕ್ಸ್ ಎಂದು ತೆಗೆದುಕೊಂಡೆ.

ಕೆಳಗೆ ಬಂದಾಗ ಶ್ರೀಯಾನಿ ಅಮ್ಮನ ಬಾಯಿ ಒರೆಸುತ್ತಿದ್ದಳು. ನನ್ನ ಮುಖ ನೋಡಿದಳು, ತಟ್ಟೆ ನೋಡಿದಳು.

"ಈ ಸಲ ಎಲ್ಲಾ ಹೇಳಿದೆ," ಎಂದೆ.

"ಏನಂದ್ರು?"

ಸುಳ್ಳು ಹೇಳಬೇಕು ಅನ್ನಿಸಿತು. ಇನ್ನೊಂದು ಸುಳ್ಳಿಗೆ ನನ್ನ ಹತ್ತಿರ ಶಕ್ತಿಯಿರಲಿಲ್ಲ.

"ನಾನು ದೇವರಂಥ ಮನುಷ್ಯನಂತೆ."

ಶ್ರೀಯಾನಿ ತಲೆಯಾಡಿಸಿದಳು. ಆಶ್ಚರ್ಯವೇನೂ ಪಡಲಿಲ್ಲ. ಅಮ್ಮನ ಬೆನ್ನ ಕೆಳಗೆ ಕೈ ಹಾಕಿ, ನಾಲ್ಕು ವರ್ಷದಿಂದ ಎತ್ತುವ ಹಾಗೆಯೇ ಮೆಲ್ಲಗೆ ಎತ್ತಿ, ಮಗ್ಗುಲು ಬದಲಿಸಿದಳು. ನಾನು ತಟ್ಟೆ ಹಿಡಿದುಕೊಂಡು ನಿಂತೇ ಇದ್ದೆ.